ದುಬಾರಿ ಪೆಟ್ರೋಲಿಗೆ ಹೆಚ್ಚು ಕಸುವಿದೆಯೇ?

ಬಂಕಿನಲ್ಲಿ 91ರ ಪಕ್ಕ 95, 100 ಎಂಬ ಅಂಕಿಗಳು ಕಂಡಾಗ, ಅಂಕಿ ದೊಡ್ಡದಾದಷ್ಟೂ ಕಸುವು ಹೆಚ್ಚು ಎಂದುಕೊಳ್ಳುವುದು ಸಹಜ. ಆದರೆ ಆಕ್ಟೇನ್ ಎಂಬ ಈ ಅಂಕಿ ಅಳೆಯುವುದು ಪೆಟ್ರೋಲಿನ ತಾಳಿಕೆಯನ್ನು. ಒತ್ತಡ, ಬಿಸಿ ಎರಡೂ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ಅದು ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು. 1920ರ ದಶಕದಲ್ಲಿ ರೂಪುಗೊಂಡ ಈ ಅಳತೆಯಲ್ಲಿ ಬೇಗ ಸಿಡಿಯುವ ಎನ್-ಹೆಪ್ಟೇನ್‌ಗೆ ಸೊನ್ನೆ, ಸುಲಭಕ್ಕೆ ಸಿಡಿಯದ ಐಸೋ-ಆಕ್ಟೇನ್‌ಗೆ 100. ತಾಳಿಕೆ ಬೇರೆ, ಕಸುವು ಬೇರೆ ಎನ್ನಲು ಎಥನಾಲೇ ಸಾಕ್ಷಿ. ಅದರ ಆಕ್ಟೇನ್ 108ರ ಆಸುಪಾಸು. ಲೀಟರಿಗೆ ಸಿಗುವ ಶಕ್ತಿ ಮಾತ್ರ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಿದರೆ ಆಕ್ಟೇನ್ ಏರುತ್ತದೆ, ಲೀಟರಿನೊಳಗಿನ ಶಕ್ತಿ ಇಳಿಯುತ್ತದೆ.

ಹಾಗಾದರೆ ಹೆಚ್ಚು ಆಕ್ಟೇನ್ ಯಾರಿಗೆ ಬೇಕು? ಎಂಜಿನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಬಿಗಿಯಾಗಿ ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಲ್ಲದು. ಅದುಮುವಾಗ ಬಿಸಿಯೂ ಏರುತ್ತದೆ. ಸ್ಪಾರ್ಕ್ ಪ್ಲಗ್‌ನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಅದೇ ನಾಕಿಂಗ್. ಒತ್ತಡದ ಅಲೆಗಳು ಲೋಹಕ್ಕೆ ಬಡಿದು ಟಕಟಕ ಸದ್ದು ಕೇಳುತ್ತದೆ. ಹಾಗೆಯೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ. ಮಿಶ್ರಣವನ್ನು ಹೆಚ್ಚು ಅದುಮುವ ಎಂಜಿನ್ನುಗಳು, ಟರ್ಬೊ ಮೂಲಕ ಗಾಳಿಯನ್ನು ಒತ್ತಿ ತುಂಬುವ ಕೆಲವು ಎಂಜಿನ್ನುಗಳು 95ನ್ನೋ ಅದಕ್ಕೂ ಮೇಲಿನದನ್ನೋ ಕೇಳುವುದು ಈ ಕಾರಣಕ್ಕೆ. 91ಕ್ಕೆಂದೇ ರೂಪಿಸಿದ ಎಂಜಿನ್ನಿನಲ್ಲಿ ತಡೆಯಬೇಕಾದ ನಾಕಿಂಗೇ ಇರುವುದಿಲ್ಲ. ಅಲ್ಲಿ 100ರ ಪೆಟ್ರೋಲಿನ ಹೆಚ್ಚುವರಿ ತಾಳಿಕೆಗೆ ಕೆಲಸವಿಲ್ಲ.

ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇದೆ, ಒಳ್ಳೆಯ ಪೆಟ್ರೋಲ್ ಸಿಕ್ಕರೆ ಎಂಜಿನ್ ತಾನೇ ಹೊಂದಿಕೊಂಡು ಲಾಭ ಪಡೆಯುವುದಿಲ್ಲವೇ ಎಂದು ಕೇಳಬಹುದು. ಈ ಮಾತು ಅರ್ಧ ನಿಜ. ನಾಕಿಂಗಿನ ಸುಳಿವು ಸಿಕ್ಕಾಗ ಕಂಪ್ಯೂಟರ್ ಕಿಡಿ ಹಾರುವ ಹೊತ್ತನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಕಸುವು ಕುಂದುತ್ತದೆ. 95 ಬೇಡುವ ಎಂಜಿನ್ನಿಗೆ 91 ಹಾಕಿ ಕುಗ್ಗಿದ ಕಸುವು 95 ಹಾಕಿದಾಗ ಮರಳುವುದು ಹೀಗೆ. ಆದರೆ ತಯಾರಕರು ನಿಗದಿಪಡಿಸಿದ ಮಿತಿಯಾಚೆಗೆ ಕಂಪ್ಯೂಟರ್ ಹೋಗದು. ಅಮೆರಿಕದ ವಾಹನ ಚಾಲಕರ ಸಂಘ ‘ಎಎಎ’ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಸಾಮಾನ್ಯ ಪೆಟ್ರೋಲಿಗಾಗಿ ರೂಪಿಸಿದ ಕಾರುಗಳಿಗೆ ಪ್ರೀಮಿಯಂ, ಅಂದರೆ ಹೆಚ್ಚು ಆಕ್ಟೇನಿನ, ಇಂಧನದಿಂದ ಗಮನಾರ್ಹ ಲಾಭವೇನೂ ಕಾಣಲಿಲ್ಲ. ಮರುವರ್ಷ, ಪ್ರೀಮಿಯಂ ಕಡ್ಡಾಯವಲ್ಲದಿದ್ದರೂ ಅದನ್ನೇ ಶಿಫಾರಸು ಮಾಡಿದ್ದ ಕಾರುಗಳನ್ನು ಪರೀಕ್ಷಿಸಿದಾಗ ಮೈಲೇಜ್ ಸರಾಸರಿ ಶೇ. 2.7, ಕಸುವು ಶೇ. 1.4 ಮಾತ್ರ ಹೆಚ್ಚಿತು.

ಪ್ರೀಮಿಯಂ ಪೆಟ್ರೋಲಿನಲ್ಲಿ ಎಂಜಿನ್ ಶುಚಿಗೊಳಿಸುವ ರಾಸಾಯನಿಕಗಳಿವೆ ಎಂಬ ವಾದವೂ ಉಂಟು. ಇರಬಹುದು, ಅದು ಆಕ್ಟೇನಿನಿಂದ ಬಂದ ಗುಣವಲ್ಲ, ಬೇರೆಯಾಗಿ ಬೆರೆಸಿದ್ದು. ಇನ್ನು ‘ಹಾಕಿದ ಮೇಲೆ ಮೈಲೇಜ್ ಏರಿತು’ ಎಂಬ ಅನುಭವದಲ್ಲಿ ಟೈರಿನ ಗಾಳಿ, ಟ್ರಾಫಿಕ್, ಎಚ್ಚರದಿಂದ ಓಡಿಸಿದ ಕಾಲು ಇವುಗಳ ಪಾಲನ್ನು ಬೇರ್ಪಡಿಸುವುದು ಕಷ್ಟ. ತೀರ್ಮಾನಕ್ಕೆ ಕಾರಿನ ಕೈಪಿಡಿ ಸಾಕು. ಅದು ಕನಿಷ್ಠ 95 ಎಂದರೆ 91 ಹಾಕಿ ಹಣ ಉಳಿಸಹೋಗುವುದು ತಪ್ಪು ಲೆಕ್ಕ. 91 ಸಾಕು ಎಂದರೆ, ಲೀಟರಿಗೆ ಶೇ. 10 ಹೆಚ್ಚು ತೆತ್ತವರಿಗೆ ಮೈಲೇಜೂ ಶೇ. 10 ಏರಿದರೆ ಮಾತ್ರ ಅಸಲು ಹುಟ್ಟುತ್ತದೆ. ಪ್ರೀಮಿಯಂ ಬಯಸುವ ಕಾರುಗಳಲ್ಲೇ ಸರಾಸರಿ ಶೇ. 3 ದಾಟದ ಲಾಭವನ್ನು ಅದು ಬೇಡದ ಕಾರಿನಿಂದ ನಿರೀಕ್ಷಿಸಲು ಆಧಾರವಿಲ್ಲ.