ಡಾರ್ಲಿಂಗ್ಟನ್ ರೇಸ್: ಲೆಕ್ಕಪುಸ್ತಕಕ್ಕೆ ಸೇರದ ಒಂದು ದಿನಾಂಕ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರಾಕಿಂಗ್‌ಹ್ಯಾಮ್ ಎಂಬಲ್ಲಿನ ಕಾರು ರೇಸಿನ ಮೈದಾನವು 2004ರಲ್ಲಿ 10.04 ಕೋಟಿ ಡಾಲರಿಗೆ ಮಾರಾಟವಾಯಿತು. ಅದೇ ಮೈದಾನ 2007ರ ಹರಾಜಿನಲ್ಲಿ 44 ಲಕ್ಷ ಡಾಲರಿಗೆ ಹೋಯಿತು. ಈ ನಡುವೆ ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಪ್ರವಾಹ ನುಗ್ಗಿರಲಿಲ್ಲ; ನೆಲ, ಡಾಂಬರು, ಪ್ರೇಕ್ಷಕರ ಗ್ಯಾಲರಿ ಎಲ್ಲವೂ ಇದ್ದಲ್ಲೇ ಇದ್ದವು. ಹೋದದ್ದು ಒಂದೇ: ವಾರ್ಷಿಕ ರೇಸಿನ ವೇಳಾಪಟ್ಟಿಯಲ್ಲಿ ಅದಕ್ಕಿದ್ದ ಸ್ಥಾನ. ಆ ಮಾರಾಟಕ್ಕೆ ಕಾರಣವಾದ ರಾಜಿ ಒಪ್ಪಂದವೇ ನೆರೆಯ ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್ ಎಂಬ ಸಣ್ಣ ಪಟ್ಟಣದ ಒಂದು ರೇಸನ್ನೂ ಕಿತ್ತುಕೊಂಡಿತು. ಅದರ ಹೆಸರು 'ಸದರ್ನ್ 500'.

'ಸ್ಟಾಕ್ ಕಾರ್' ಎಂಬ ಹೆಸರಿಗೂ ಷೇರುಪೇಟೆಗೂ ಸಂಬಂಧವಿಲ್ಲ. ಮಾರಾಟಗಾರನ ದಾಸ್ತಾನಿನಲ್ಲಿ ಇರುವಂಥ, ಯಾರು ಬೇಕಾದರೂ ಕೊಳ್ಳಬಹುದಾದ ಕಾರು ಎಂಬುದೇ ಆ ಪದದ ಮೂಲಾರ್ಥ. ಇಂದಿನ ರೇಸ್ ಕಾರುಗಳಿಗೆ ಈ ಅರ್ಥ ಹೊಂದುವುದಿಲ್ಲವಾದರೂ 1950ರಲ್ಲಿ ಅದು ಬಹುಮಟ್ಟಿಗೆ ನಿಜವಾಗಿತ್ತು. ಈ ಕ್ರೀಡೆಯ ಆಡಳಿತ ಸಂಸ್ಥೆಯಾದ ನ್ಯಾಸ್ಕಾರ್ 1948ರಲ್ಲಷ್ಟೇ ಸ್ಥಾಪನೆಯಾಗಿತ್ತು. ಅದರ ರೇಸುಗಳು ಹೆಚ್ಚಾಗಿ ಮಣ್ಣಿನ ಪಥಗಳಲ್ಲಿ ನಡೆಯುತ್ತಿದ್ದವು.

ಡಾರ್ಲಿಂಗ್ಟನ್ನಿನ ಹೆರಾಲ್ಡ್ ಬ್ರೇಸಿಂಗ್ಟನ್ 1933ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸನ್ನು ನೋಡಿ ಬಂದಿದ್ದರು. ಅಂಥದ್ದೊಂದನ್ನು ತಮ್ಮ ಊರಿನಲ್ಲೂ ಕಟ್ಟಬೇಕೆಂಬ ಹಂಬಲ ಅವರಿಗೆ ಅಂಟಿಕೊಂಡಿತು. ಶೆರ್ಮನ್ ರ್‍ಯಾಮ್ಸಿ ಎಂಬ ರೈತರಿಂದ ಕಡಲೆಕಾಯಿ, ಹತ್ತಿ ಬೆಳೆಯುತ್ತಿದ್ದ ಸುಮಾರು 70 ಎಕರೆ ಭೂಮಿ ಪಡೆದು 1949ರಲ್ಲಿ ಕೆಲಸ ಆರಂಭಿಸಿದರು. ರ್‍ಯಾಮ್ಸಿ ಒಂದೇ ಷರತ್ತು ಹಾಕಿದ್ದರು: ಜಮೀನಿನ ಪಶ್ಚಿಮ ಅಂಚಿನ ಮೀನಿನ ಕೊಳಕ್ಕೆ ಧಕ್ಕೆಯಾಗಬಾರದು. ಕೊಟ್ಟ ಮಾತಿಗೆ ಬ್ರೇಸಿಂಗ್ಟನ್ ತಪ್ಪಲಿಲ್ಲ. ಕೊಳವನ್ನು ಬಿಟ್ಟು ಪಥ ಎಳೆದುದರಿಂದ ಒಂದು ತುದಿ ಕಿರಿದಾಯಿತು, ಇನ್ನೊಂದು ಅಗಲವಾಗಿ ಉಳಿಯಿತು. ಪಥ ಮೊಟ್ಟೆಯಾಕಾರ ತಳೆಯಿತು. ಎರಡು ತುದಿಗಳ ತಿರುವುಗಳು ಬೇರೆಬೇರೆಯಾದ ಕಾರಣ ಒಂದಕ್ಕೆ ಹೊಂದಿಸಿದ ಕಾರು ಇನ್ನೊಂದಕ್ಕೆ ಒಗ್ಗದು. ಚಾಲಕರು ಇಂದಿಗೂ ಗೋಡೆಗೆ ಕಾರಿನ ಬಲಮಗ್ಗುಲು ಉಜ್ಜಿಸಿಕೊಂಡು ಬರುತ್ತಾರೆ. ಆ ಗೀರಿಗೆ 'ಡಾರ್ಲಿಂಗ್ಟನ್ ಪಟ್ಟೆ' ಎಂದೇ ಹೆಸರು. ಭೂವ್ಯವಹಾರದ ಒಂದು ಷರತ್ತು ಕ್ರೀಡೆಯೊಂದರ ಸ್ವಭಾವವನ್ನೇ ನಿರ್ಧರಿಸಿದ ಉದಾಹರಣೆಗಳು ಹೆಚ್ಚಿರಲಾರವು.

ಮೊದಲ ರೇಸ್ ನಡೆದದ್ದು 1950ರ ಸೆಪ್ಟೆಂಬರ್ 4ರಂದು, ಅಮೆರಿಕದ ಕಾರ್ಮಿಕ ದಿನದ ರಜೆಯಲ್ಲಿ. 75 ಕಾರುಗಳು ಕಣಕ್ಕಿಳಿದವು. 500 ಮೈಲಿಗಳ ಓಟ ಮುಗಿಯಲು ಆರೂವರೆ ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಬಿಸಿಯೇರಿದ ಡಾಂಬರಿನ ಮೇಲೆ ಭಾರಿ ಕಾರುಗಳ ಟೈರುಗಳು ಒಂದಾದ ಮೇಲೊಂದು ಸಿಡಿದವು. 43ನೆಯ ಸ್ಥಾನದಿಂದ ಹೊರಟ ಜಾನಿ ಮ್ಯಾಂಟ್ಸ್ ಹಗುರವಾದ ಪ್ಲಿಮತ್ ಕಾರಿಗೆ ಟ್ರಕ್ಕಿನ ಗಟ್ಟಿ ಟೈರು ಹಾಕಿಸಿಕೊಂಡು, ಗಂಟೆಗೆ ಸರಾಸರಿ 75 ಮೈಲಿ ವೇಗದಲ್ಲಿ ಸಾವಧಾನವಾಗಿ ಸಾಗಿ, ಒಂಬತ್ತು ಸುತ್ತುಗಳ ಅಂತರದಿಂದ ಗೆದ್ದರು. ಬಹುಮಾನ 10,510 ಡಾಲರ್. ವೇಗಕ್ಕೆ ಹಣ ಸುರಿದವರು ನಿಂತುಹೋದರು. ಸವಕಳಿಯ ಲೆಕ್ಕ ಹಾಕಿದವರು ಮುಟ್ಟಿದರು.

ಅಂದಿನಿಂದ 2003ರವರೆಗೆ ಐವತ್ನಾಲ್ಕು ವರ್ಷ ಈ ರೇಸ್ ಕಾರ್ಮಿಕ ದಿನದ ರಜೆಯನ್ನು ಬಿಟ್ಟು ಕದಲಲಿಲ್ಲ. 1983ರವರೆಗೆ ಸೋಮವಾರ, 1984ರಿಂದ ಭಾನುವಾರ; ವ್ಯತ್ಯಾಸ ಅಷ್ಟೇ. 1985ರಲ್ಲಿ ತಂಬಾಕು ಕಂಪನಿಯೊಂದು ನಾಲ್ಕು ಪ್ರಮುಖ ರೇಸುಗಳಲ್ಲಿ ಮೂರನ್ನು ಗೆದ್ದವರಿಗೆ ಹತ್ತು ಲಕ್ಷ ಡಾಲರ್ ಘೋಷಿಸಿದಾಗ, ಬಿಲ್ ಎಲಿಯಟ್ ಆ ಮೊತ್ತವನ್ನು ಗಳಿಸಿದ್ದು ಇದೇ ಪಥದಲ್ಲಿ. ಸಂತೆಯ ವಾರ ಬದಲಾದರೆ ಊರಿನ ವ್ಯಾಪಾರ ಏನಾಗುತ್ತದೆಂದು ಬಲ್ಲ ವರ್ತಕರಿಗೆ ಇಂಥ ನಿಶ್ಚಿತ ದಿನದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಆ ದಿನ ಡಾರ್ಲಿಂಗ್ಟನ್ನಿನ ಸ್ವತ್ತಾಗಿರಲಿಲ್ಲ. ನ್ಯಾಸ್ಕಾರ್ ಅನುಮತಿಯನ್ನು ಒಂದೊಂದು ವರ್ಷಕ್ಕೆ ಮಾತ್ರ ಕೊಡುತ್ತಿತ್ತು, ನವೀಕರಣಕ್ಕೆ ಖಾತರಿಯಿರಲಿಲ್ಲ. ಮೈದಾನವನ್ನು 1982ರಲ್ಲಿ ಕೊಂಡಿದ್ದ ಇಂಟರ್‌ನ್ಯಾಷನಲ್ ಸ್ಪೀಡ್‌ವೇ ಕಾರ್ಪೊರೇಷನ್ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ. ಅದರ ನಿಯಂತ್ರಣ ಫ್ರಾನ್ಸ್ ಎಂಬ ಮನೆತನದವರ ಕೈಯಲ್ಲಿತ್ತು; ನ್ಯಾಸ್ಕಾರ್ ಕೂಡ ಅದೇ ಮನೆತನದ್ದು. ಅನುಮತಿ ಕೊಡುವವರು, ಪಡೆಯುವವರು ಒಂದೇ ಮನೆಯವರು! 2001ರಿಂದ ಎಲ್ಲ ಮೈದಾನಗಳ ಟೆಲಿವಿಷನ್ ಹಕ್ಕುಗಳನ್ನು ಒಟ್ಟುಗೂಡಿಸಿ ಮಾರಲಾಯಿತು. ಬಂದ ಹಣದಲ್ಲಿ ಶೇ. 65 ಮೈದಾನಗಳಿಗೆ, ಶೇ. 25 ತಂಡಗಳಿಗೆ, ಶೇ. 10 ನ್ಯಾಸ್ಕಾರ್‌ಗೆ. ಗ್ಯಾಲರಿಯ ಟಿಕೆಟ್ ಮಾರಾಟವಾಗಲಿ ಬಿಡಲಿ, ಒಂದು ದಿನಾಂಕ ಕೈಯಲ್ಲಿದ್ದರೆ ವರಮಾನ ಉಂಟು ಎಂಬ ಸ್ಥಿತಿ ಹೀಗೆ ಉಂಟಾಯಿತು.

ಪ್ರತಿಸ್ಪರ್ಧಿ ಸ್ಪೀಡ್‌ವೇ ಮೋಟಾರ್‌ಸ್ಪೋರ್ಟ್ಸ್ ಕಂಪನಿಯ ಷೇರುದಾರರೊಬ್ಬರು 2002ರಲ್ಲಿ ನ್ಯಾಯಾಲಯಕ್ಕೆ ಹೋದರು. ತಮ್ಮ ಕಂಪನಿಯ ಟೆಕ್ಸಾಸ್ ಮೈದಾನಕ್ಕೆ ಎರಡನೆಯ ರೇಸ್ ಸಿಗಬೇಕಾಗಿತ್ತು, ಅದು ಸಿಗಲಿಲ್ಲ ಎಂಬುದು ಅವರ ದೂರು. ಈ ಮೊಕದ್ದಮೆ ನಡೆಯುತ್ತಿರುವಾಗಲೇ ಕಾರ್ಮಿಕ ದಿನದ ರೇಸನ್ನು ಲಾಸ್ ಏಂಜಲೀಸ್ ಬಳಿಯ ಫಾಂಟಾನಾ ಮೈದಾನಕ್ಕೆ ಒಯ್ಯಲಾಯಿತು. 2004ರ 'ಸದರ್ನ್ 500' ನವೆಂಬರಿಗೆ ಜಾರಿತು. ಅದೇ ವರ್ಷ ರಾಜಿಯಾಯಿತು. ಸ್ಪೀಡ್‌ವೇ ಮೋಟಾರ್‌ಸ್ಪೋರ್ಟ್ಸ್ ರಾಕಿಂಗ್‌ಹ್ಯಾಮನ್ನು ಕೊಂಡು, ಅದರ ರೇಸನ್ನು ಟೆಕ್ಸಾಸಿಗೆ ಸಾಗಿಸಿತು. ಡಾರ್ಲಿಂಗ್ಟನ್ನಿಗೆ 2005ರಿಂದ ಉಳಿದದ್ದು ಮೇ ತಿಂಗಳ ಒಂದೇ ರೇಸ್, ಅದೂ ಬೇರೆ ಹೆಸರಿನಲ್ಲಿ.

ರಾಕಿಂಗ್‌ಹ್ಯಾಮ್‌ನ ಎರಡು ಬೆಲೆಗಳ ನಡುವಿನ 9.6 ಕೋಟಿ ಡಾಲರನ್ನೂ ದಿನಾಂಕದ ಬೆಲೆಯೆಂದೇ ಬರೆದುಬಿಡುವುದು ಸರಿಯಲ್ಲ. ರಾಜಿಯ ಮೊತ್ತವೂ ಅದರಲ್ಲಿ ಬೆರೆತಿದೆ. ಆದರೂ ಬಹುಪಾಲು ಅದೇ. ತಾನೇ ಬೆಳೆಸಿದ ಹೆಸರು, ರೂಢಿಗಳಿಗೆ ಅಢಾವೆ ಪತ್ರಿಕೆಯಲ್ಲಿ ಸ್ಥಾನವಿಲ್ಲ, ಹಣ ಕೊಟ್ಟು ಕೊಂಡಾಗ ಮಾತ್ರ ಅವು ಅಮೂರ್ತ ಆಸ್ತಿಯಾಗುತ್ತವೆ ಎಂಬ ನಿಯಮ ನಮ್ಮ ಲೆಕ್ಕಪತ್ರ ಮಾನದಂಡ 26ರಲ್ಲೂ ಇದೆ. ಐವತ್ನಾಲ್ಕು ವರ್ಷ ಬೆಳೆದ ರೂಢಿಯೊಂದು ಹೋದಾಗ ಅದರ ನಷ್ಟವನ್ನು ತೋರಿಸಲು ಪುಸ್ತಕದಲ್ಲಿ ಕಾಲಂ ಇರುವುದಿಲ್ಲ. ಡಾರ್ಲಿಂಗ್ಟನ್ನಿನ ಜನರಿಗೆ ಮಾತ್ರ ಅದು ಕಾಣುತ್ತಿತ್ತು.

ಕ್ಯಾಲಿಫೋರ್ನಿಯಾದ ಲೆಕ್ಕಾಚಾರ ಕೈಕೊಟ್ಟಿತು. ಕಾರ್ಮಿಕ ದಿನದ ರೇಸ್ 2009ರಲ್ಲಿ ಅಟ್ಲಾಂಟಾಕ್ಕೆ ಹೋಯಿತು. ಫಾಂಟಾನಾ 2011ರಿಂದ ಒಂದೇ ರೇಸಿಗೆ ಇಳಿಯಿತು, ಅದೂ 2023ರಲ್ಲಿ ಕೊನೆಗೊಂಡಿತು. ಇತ್ತ ಡಾರ್ಲಿಂಗ್ಟನ್ ಮೇ ತಿಂಗಳ ರೇಸನ್ನೇ ನಿಷ್ಠೆಯಿಂದ ನಡೆಸುತ್ತ, 2009ರಲ್ಲಿ ಹಳೆಯ ಹೆಸರನ್ನು ಮರಳಿ ಪಡೆಯಿತು. ಹನ್ನೆರಡು ವರ್ಷಗಳ ನಂತರ, 2015ರಲ್ಲಿ, ಕಾರ್ಮಿಕ ದಿನದ ವಾರಾಂತ್ಯವೂ ಮರಳಿತು. ಆ ಸಲ ತಂಡಗಳು ಕಾರುಗಳಿಗೆ ಹಿಂದಿನ ದಶಕಗಳ ಬಣ್ಣ ಬಳಿಸಿಕೊಂಡು ಬಂದವು. ಮರುವರ್ಷದಿಂದ ಅನುಮತಿಯೂ ಒಂದು ವರ್ಷದ ಬದಲು ಐದು ವರ್ಷಗಳ ಅವಧಿಗೆ ದೊರೆಯತೊಡಗಿತು. ಕೋವಿಡ್‌ನಿಂದ ನಿಂತಿದ್ದ ರೇಸುಗಳು 2020ರ ಮೇ 17ರಂದು ಪ್ರೇಕ್ಷಕರಿಲ್ಲದೆ ಪುನರಾರಂಭವಾದದ್ದು ಡಾರ್ಲಿಂಗ್ಟನ್ನಿನಲ್ಲೇ. 2021ರಿಂದ ಅಲ್ಲಿಗೆ ಎರಡನೆಯ ರೇಸೂ ಹಿಂತಿರುಗಿದೆ.

ಈ ನಡುವೆ 2019ರಲ್ಲಿ ನ್ಯಾಸ್ಕಾರ್, ಷೇರೊಂದಕ್ಕೆ 45 ಡಾಲರಿನಂತೆ ಸುಮಾರು 200 ಕೋಟಿ ಡಾಲರಿಗೆ ಇಂಟರ್‌ನ್ಯಾಷನಲ್ ಸ್ಪೀಡ್‌ವೇ ಕಾರ್ಪೊರೇಷನ್ನನ್ನು ತನ್ನಲ್ಲಿ ವಿಲೀನಗೊಳಿಸಿಕೊಂಡಿತು. ಪ್ರತಿಸ್ಪರ್ಧಿ ಕಂಪನಿಯೂ ಅದೇ ವರ್ಷ ಷೇರುಪೇಟೆಯಿಂದ ಹೊರಬಂದಿತು. ಹಾಗಾಗಿ ಒಂದು ದಿನಾಂಕದ ಬೆಲೆ ಎಷ್ಟೆಂದು ತಿಳಿಸುವ ಲೆಕ್ಕಪತ್ರಗಳು ಈಗ ಸಾರ್ವಜನಿಕ ಷೇರುದಾರರ ಕೈಸೇರುವುದಿಲ್ಲ.