ಸೈಕಲ್ ಓಡಿಸುವಾಗ ಹಕ್ಕಿ ತಲೆಗೆ ಎರಗುವುದು ಯಾಕೆ?

ಏಪ್ರಿಲ್ ಬಂದರೆ ಸಾಕು, ನಮ್ಮ ಕನ್ನಡ ತರಗತಿಯಲ್ಲಿ ಯಾರಾದರೂ ಒಬ್ಬರು ಈ ದೂರು ತರುತ್ತಾರೆ: "ಅಂಕಲ್, ಟ್ರೇಲ್‌ನಲ್ಲಿ ಒಂದು ಕಪ್ಪು ಹಕ್ಕಿ ಬಂದು ನನ್ನ ಹೆಲ್ಮೆಟ್‌ಗೆ ಟಪ್ ಅಂತ ಹೊಡೀತು. ನಾನು ಅದಕ್ಕೆ ಏನೂ ಮಾಡಿರಲಿಲ್ಲ!" ಪಕ್ಕದಲ್ಲಿ ಕೂತವರು ನಗುತ್ತಾರೆ. ಹೊಡೆಸಿಕೊಂಡ ಮಗುವಿಗೆ ಮಾತ್ರ ಅದು ನಗುವ ವಿಷಯ ಅಲ್ಲ. ಕೆಲವರು ಆಮೇಲೆ ಆ ದಾರಿಗೆ ಸೈಕಲ್ ತಗೊಂಡು ಹೋಗೋದನ್ನೇ ಬಿಟ್ಟುಬಿಡ್ತಾರೆ. ಬೇ ಏರಿಯಾದಲ್ಲಿ ಸೈಕಲ್ ಓಡಿಸೋಕೆ ವರ್ಷದ ಅತಿ ಚೆಂದದ ತಿಂಗಳುಗಳು ಅವೇ. ಬೆಟ್ಟಗಳು ಇನ್ನೂ ಹಸಿರಾಗಿರುತ್ತವೆ, ಬಿಸಿಲು ಹದವಾಗಿರುತ್ತೆ. ಒಂದು ಪುಟ್ಟ ಹಕ್ಕಿಗೆ ಹೆದರಿ ಅದನ್ನೆಲ್ಲ ಕಳೆದುಕೊಳ್ಳೋದು ಬೇಡ. ಮೊದಲು ಆ ಹಕ್ಕಿ ಯಾಕೆ ಹಾಗೆ ಮಾಡುತ್ತೆ ಅಂತ ನೋಡೋಣ.

ನಮ್ಮ ಕಡೆ ಟ್ರೇಲ್‌ಗಳಲ್ಲಿ ಎರಗುವ ಹಕ್ಕಿ ಬಹಳ ಸಲ ರೆಡ್‌ವಿಂಗ್ಡ್ ಬ್ಲ್ಯಾಕ್‌ಬರ್ಡ್. ಈ ಲೇಖನದಲ್ಲಿ ಅದನ್ನು ಕೆಂಪುಭುಜ ಅಂತ ಕರೆಯೋಣ. ಗಂಡು ಹಕ್ಕಿ ಮೈಯೆಲ್ಲ ಕಪ್ಪು, ಭುಜದ ಮೇಲೆ ಮಾತ್ರ ಕುಂಕುಮ ಬಳಿದ ಹಾಗೆ ಒಂದು ಕೆಂಪು ಪಟ್ಟಿ. ಸಿಟ್ಟು ಬಂದಾಗ, ಹಾಡುವಾಗ ಆ ಕೆಂಪನ್ನು ಉಬ್ಬಿಸಿ ತೋರಿಸುತ್ತೆ. ಸುಮ್ಮನೆ ಕೂತಾಗ ಕಪ್ಪು ಗರಿಗಳ ಅಡಿಯಲ್ಲಿ ಮುಚ್ಚಿಕೊಳ್ಳುತ್ತೆ. ಹೆಣ್ಣು ಹಕ್ಕಿ ಕಂದು ಬಣ್ಣದ್ದು, ಮೈಮೇಲೆ ಗೆರೆಗಳಿರುತ್ತವೆ. ದೊಡ್ಡ ಗುಬ್ಬಚ್ಚಿ ಅಂತ ತಪ್ಪು ತಿಳಿಯೋದು ಸುಲಭ. ನೀರಿನ ಪಕ್ಕ ಎತ್ತರಕ್ಕೆ ಬೆಳೆಯುವ ಜೊಂಡಿನ ನಡುವೆ, ನೆಲದಿಂದ ಸ್ವಲ್ಪವೇ ಮೇಲೆ, ಅವಳು ಗೂಡು ಕಟ್ಟುತ್ತಾಳೆ. ಮೂರೋ ನಾಲ್ಕೋ ಮೊಟ್ಟೆ. 11ರಿಂದ 13 ದಿನ ಕಾವು ಕೊಟ್ಟರೆ ಮರಿ ಹೊರಗೆ ಬರುತ್ತೆ. ಇನ್ನೆರಡು ವಾರದೊಳಗೆ ಮರಿಗಳು ಗೂಡು ಬಿಡುತ್ತವೆ.

ಈಗ ಗಂಡಿನ ಕೆಲಸ ನೋಡಿ. ಒಂದೇ ಗಂಡು ಹಕ್ಕಿ ಕಾಯುವ ಜಾಗದಲ್ಲಿ ಹಲವು ಹೆಣ್ಣು ಹಕ್ಕಿಗಳ ಗೂಡು ಇರಬಹುದು. ಕೆಲವೊಮ್ಮೆ ಹತ್ತಕ್ಕೂ ಹೆಚ್ಚು! ಅಷ್ಟೂ ಗೂಡಿಗೆ ಇವನೊಬ್ಬನೇ ವಾಚ್‌ಮನ್. ಹಗಲಿನ ಕಾಲು ಭಾಗಕ್ಕಿಂತ ಹೆಚ್ಚು ಸಮಯ ಬರೀ ಕಾವಲಿನಲ್ಲೇ ಹೋಗುತ್ತೆ. ಕಾಗೆ ಬರುತ್ತೆ, ಗಿಡುಗ ಬರುತ್ತೆ, ಹಾವು ಬರುತ್ತೆ, ರಾತ್ರಿ ರಕೂನ್ ಬರುತ್ತೆ. ಎಲ್ಲರಿಗೂ ಮೊಟ್ಟೆ, ಮರಿ ಬೇಕು. ಈ ಕಾವಲುಗಾರನ ತೂಕ ಎಷ್ಟು ಗೊತ್ತಾ? ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಗಿಡುಗನ ಬೆನ್ನು ಹತ್ತಿ, ಅದರ ಮೇಲೆ ಕೂತು ಕುಕ್ಕುವ ಕೆಂಪುಭುಜವನ್ನು ನೀವೂ ನೋಡಿರಬಹುದು.

ಸರಿ, ಗಿಡುಗ ಮೊಟ್ಟೆ ಕದಿಯುತ್ತೆ. ಸೈಕಲ್‌ನವರು ಏನು ಕದ್ದರು? ಇಲ್ಲೇ ನನಗೆ ಬಹಳ ಇಷ್ಟವಾದ ವಿಷಯ ಇರೋದು. ಹಕ್ಕಿಯ ಕಣ್ಣಿನಿಂದ ಯೋಚಿಸಿ. ದೊಡ್ಡದೊಂದು ಪ್ರಾಣಿ ವೇಗವಾಗಿ ಗೂಡಿನ ಕಡೆಗೇ ಬರ್ತಾ ಇದೆ. ಹಕ್ಕಿ ಹಾರಿ ಹೋಗಿ ಹಿಂದಿನಿಂದ ಎರಗುತ್ತೆ. ಪ್ರಾಣಿ ಮುಂದೆ ಹೊರಟುಹೋಗುತ್ತೆ. ನೀವು ಹೇಗಿದ್ದರೂ ಮುಂದೆ ಹೋಗುವವರೇ ಆಗಿದ್ರಿ, ಅದು ಹಕ್ಕಿಗೆ ಗೊತ್ತಿಲ್ಲ. "ನಾನು ಓಡಿಸಿದೆ, ಅದು ಓಡಿತು" ಅನ್ನೋದಷ್ಟೇ ಅದರ ಲೆಕ್ಕ. ದಿನಕ್ಕೆ ನೂರು ಸೈಕಲ್ ಬಂದರೆ ನೂರೂ ಸಲ ಗೆಲುವು! ನಾವು ಸಾಫ್ಟ್‌ವೇರ್‌ನವರು ಒಂದು ಪ್ರೋಗ್ರಾಂ ಬರೆದು ಟೆಸ್ಟ್ ಓಡಿಸ್ತೀವಲ್ಲ, ಪ್ರತಿಸಲವೂ ಪಾಸ್ ಆಗೋ ಟೆಸ್ಟ್ ಇದು. ಹಾಗಿದ್ದ ಮೇಲೆ ಹಕ್ಕಿ ಆ ಪ್ರೋಗ್ರಾಂ ಬದಲಾಯಿಸೋದಾದರೂ ಯಾಕೆ?

ಇನ್ನೊಂದು ವಿಷಯ, ದಿನ ಕಳೆದ ಹಾಗೆ ಸಿಟ್ಟು ಜಾಸ್ತಿಯಾಗುತ್ತೆ. ಮೊಟ್ಟೆ ಇಟ್ಟ ಮೊದಲ ದಿನಗಳಲ್ಲಿ ಬರೀ "ಚೆಕ್, ಚೆಕ್" ಅಂತ ಬೈಯುವ ಹಕ್ಕಿ, ಗೂಡಿನಲ್ಲಿ ಮರಿಗಳು ದೊಡ್ಡವಾಗುತ್ತಿದ್ದಾಗ ನೇರ ತಲೆಗೇ ಬರುತ್ತೆ. ಅಷ್ಟು ದಿನ ಸಾಕಿದ್ದನ್ನು ಕಳೆದುಕೊಂಡರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ. ಮರಿಗಳು ಹಾರಿಹೋದ ಮೇಲೆ ಅದೇ ಜಾಗದಲ್ಲಿ, ಅದೇ ಹಕ್ಕಿ, ನಿಮ್ಮನ್ನು ತಿರುಗಿಯೂ ನೋಡಲ್ಲ. ಒಂದು ಗೂಡಿನ ಗಲಾಟೆ ಹೆಚ್ಚೆಂದರೆ ನಾಲ್ಕು ವಾರದ್ದು. ಪಕ್ಕದಲ್ಲೇ ಇನ್ನೊಂದು ಗೂಡು ಶುರುವಾಗಬಹುದು, ಅದಕ್ಕೇ ಮಾರ್ಚ್‌ನಿಂದ ಜುಲೈವರೆಗೆ ಅಲ್ಲೊಂದು ಇಲ್ಲೊಂದು ಕಡೆ ಈ ದಾಳಿ ನಡೀತಾನೇ ಇರುತ್ತೆ.

ಊರಿನಲ್ಲೂ ಇಂಥವರಿದ್ದಾರೆ. ಮಕ್ಕಳೇ, ಬೇಸಿಗೆ ರಜೆಗೆ ಕರ್ನಾಟಕಕ್ಕೆ ಹೋದಾಗ ಕರೆಂಟ್ ತಂತಿಯ ಮೇಲೆ ಕೂತಿರುವ, ಕವಲು ಬಾಲದ ಕಪ್ಪು ಹಕ್ಕಿ ನೋಡಿ. ಅದು ಕಾಜಾಣ. ಗೂಡಿನ ಹತ್ತಿರ ಕಾಗೆ, ಹದ್ದು ಯಾರೇ ಬರಲಿ ಅಟ್ಟಿಸಿಕೊಂಡು ಹೋಗುತ್ತೆ. ಬೇರೆ ಪುಟ್ಟ ಹಕ್ಕಿಗಳು ಬೇಕೆಂದೇ ಕಾಜಾಣದ ಗೂಡಿರುವ ಮರದಲ್ಲೇ ಗೂಡು ಕಟ್ಟುವುದುಂಟು, ಪುಕ್ಕಟೆ ಕಾವಲು ಸಿಗುತ್ತೆ ಅಂತ. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ಟಿಟ್ಟಿಭ ಇದೆ. ಬರೀ ನೆಲದ ಮೇಲೆ ಮೊಟ್ಟೆ ಇಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತೆ. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ಹೋಗಿ, ಗರುಡನವರೆಗೂ ದೂರು ಒಯ್ದು, ಮೊಟ್ಟೆ ವಾಪಸ್ ತಂದದ್ದು ಇದೇ ಹಕ್ಕಿ. ಆ ಕಥೆ ಕಟ್ಟಿದವರು ಟಿಟ್ಟಿಭದ ಕೈಯಲ್ಲಿ ಒಂದು ಸಲವಾದರೂ ಅಟ್ಟಿಸಿಕೊಂಡಿರಬೇಕು ಅಂತ ನನ್ನ ಊಹೆ.

"ಹಕ್ಕಿ ನನ್ನನ್ನೇ ಗುರುತು ಇಟ್ಟುಕೊಂಡಿದೆಯಾ?" ಅಂತಲೂ ಮಕ್ಕಳು ಕೇಳ್ತಾರೆ. ಕೆಲವು ಹಕ್ಕಿಗಳು ನಿಜವಾಗಿಯೂ ಮನುಷ್ಯರ ಗುರುತು ಹಿಡಿಯುತ್ತವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್‌ಲಫ್ ಮತ್ತು ಅವರ ತಂಡ 2006ರಲ್ಲಿ ಒಂದು ಪ್ರಯೋಗ ಶುರು ಮಾಡಿತು. ಆದಿಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ವರ್ಷಗಟ್ಟಲೆ, ಯಾರು ಆ ಮುಖವಾಡ ಹಾಕಿಕೊಂಡು ಕ್ಯಾಂಪಸ್‌ನಲ್ಲಿ ನಡೆದರೂ ಕಾಗೆಗಳು ಕೂಗಾಡಿ ಬೈಯುತ್ತಿದ್ದವು. ಆ ದಿನ ಸಿಕ್ಕಿಬೀಳದ ಕಾಗೆಗಳೂ ಬೇರೆಯವರನ್ನು ನೋಡಿ ಕಲಿತು ಬೈದವು! ನಮ್ಮ ಮನೆಗಳ ಹಿತ್ತಲಲ್ಲಿ ರಾತ್ರಿಯೆಲ್ಲ ಹಾಡುವ ಮಾಕಿಂಗ್‌ಬರ್ಡ್ ಇದೆಯಲ್ಲ, ಅದೂ ಕಡಿಮೆಯೇನಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ವ್ಯಕ್ತಿ ನಾಲ್ಕು ದಿನ ಗೂಡಿನ ಹತ್ತಿರ ಹೋಗಿ ನಿಂತು ಅದನ್ನು ಮುಟ್ಟಿದರು. ದಿನದಿಂದ ದಿನಕ್ಕೆ ಹಕ್ಕಿ ಅವರನ್ನು ಇನ್ನೂ ದೂರದಿಂದಲೇ ಗುರುತಿಸಿ ಎರಗಿತು. ಐದನೇ ದಿನ ಬೇರೆಯವರು ಹೋದರೆ ಅಷ್ಟು ಸಿಟ್ಟಿಲ್ಲ. ಆದ್ದರಿಂದ ಹಕ್ಕಿಗೆ ಕಲ್ಲು ಹೊಡೆಯೋದು, ಕೋಲು ಬೀಸೋದು ಮಾಡಿದರೆ ನಾಳೆ ನಿಮಗೇ ಕಷ್ಟ.

ಈಗ ಅಪ್ಪ ಅಮ್ಮಂದಿರು ಗಮನವಿಟ್ಟು ಓದಬೇಕಾದ ಭಾಗ. ಹಕ್ಕಿಯ ಕೊಕ್ಕಿನಿಂದ ಆಗುವ ಗಾಯ ಸಣ್ಣದು, ಹೆಲ್ಮೆಟ್ ಇದ್ದರೆ ಅದೂ ಇಲ್ಲ. ನಿಜವಾದ ಅಪಾಯ ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸಿ ಬೀಳೋದು. ಆಸ್ಟ್ರೇಲಿಯಾದಲ್ಲಿ ಮ್ಯಾಗ್‌ಪೈ ಅನ್ನುವ ಹಕ್ಕಿ ಇದೆ, ನಮ್ಮ ಕೆಂಪುಭುಜಕ್ಕಿಂತ ತುಂಬಾ ದೊಡ್ಡದು. ಅಲ್ಲಿ ವಸಂತ ಅಂದರೆ ಆಗಸ್ಟ್‌ನಿಂದ ಅಕ್ಟೋಬರ್, ಆ ತಿಂಗಳುಗಳಲ್ಲಿ ದಾರಿಯಲ್ಲಿ ಎಚ್ಚರಿಕೆಯ ಬೋರ್ಡ್ ಹಾಕುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ವೊಲೊಂಗಾಂಗ್ ಹತ್ತಿರ 76 ವರ್ಷದ ಹಿರಿಯರೊಬ್ಬರು ಎರಗಿದ ಮ್ಯಾಗ್‌ಪೈಯಿಂದ ತಪ್ಪಿಸಿಕೊಳ್ಳಲು ಹೋಗಿ ಸೈಕಲ್ ದಾರಿ ಬಿಟ್ಟು, ಬೇಲಿಯ ಕಂಬಕ್ಕೆ ಬಡಿದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ನಮ್ಮ ಟ್ರೇಲ್‌ಗಳು ಕಿರಿದು, ಎದುರಿನಿಂದ ಬೇರೆ ಸೈಕಲ್‌ಗಳು ಬರುತ್ತಿರುತ್ತವೆ, ಪಕ್ಕದಲ್ಲಿ ಇಳಿಜಾರು. ಹಾಗಾಗಿ ಮಕ್ಕಳಿಗೆ ಮೊದಲೇ ಹೇಳಿಕೊಡಬೇಕಾದ್ದು ಒಂದೇ ಮಾತು: ಹಕ್ಕಿ ಬಂದರೆ ಬರಲಿ, ಎರಡೂ ಕೈ ಹ್ಯಾಂಡಲ್ ಮೇಲೆ, ಸೈಕಲ್ ನೇರ. ತಲೆ ಬಗ್ಗಿಸಬೇಡಿ, ಕೈ ಬೀಸಬೇಡಿ, ಸಡನ್ನಾಗಿ ಬ್ರೇಕ್ ಹಾಕಬೇಡಿ. ಹೆಲ್ಮೆಟ್ ಮೇಲೆ "ಟಪ್" ಅಂದರೆ ಅನ್ನಲಿ. ಐವತ್ತು ಅಡಿ ದಾಟಿದರೆ ಸಾಮಾನ್ಯವಾಗಿ ಹಕ್ಕಿ ವಾಪಸ್ ಹೋಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಹೇಗೂ ಕಡ್ಡಾಯ. ದೊಡ್ಡವರಿಗೆ ಕಡ್ಡಾಯವಲ್ಲ, ಆದರೆ ಕೆಂಪುಭುಜಕ್ಕೆ ಆ ಕಾನೂನು ಗೊತ್ತಿಲ್ಲ.

ಚಿಕ್ಕ ಮಗು ಹೆದರಿ ಅಳೋಕೆ ಶುರು ಮಾಡಿದರೆ ದಾರಿಯ ಬಲಬದಿಗೆ ಬಂದು, ನಿಧಾನವಾಗಿ ನಿಲ್ಲಿಸಿ, ಇಳಿದು, ಸೈಕಲ್ ತಳ್ಳಿಕೊಂಡು ನಡೆಯಿರಿ. ನಡೆಯುವಾಗ ಹಕ್ಕಿಯ ಕಡೆ ಆಗಾಗ ತಿರುಗಿ ನೋಡಿದರೆ ಅದು ಹತ್ತಿರ ಬರಲು ಹಿಂಜರಿಯುತ್ತೆ. ಈ ಹಕ್ಕಿಗಳು ಬೆನ್ನ ಹಿಂದಿನಿಂದ ಬರೋದೇ ಹೆಚ್ಚು, ಕಣ್ಣಿಗೆ ಕಣ್ಣು ಕೊಟ್ಟು ನೋಡುವವರ ಮೇಲೆ ಕಡಿಮೆ. ಸೈಕಲ್ ಓಡಿಸುತ್ತಾ ಮಾತ್ರ ಹಿಂದೆ ತಿರುಗಬೇಡಿ! ಸಾಲಾಗಿ ಹೋಗುವಾಗ ಮಕ್ಕಳು ಮುಂದೆ, ದೊಡ್ಡವರು ಹಿಂದೆ ಇರಲಿ. ಹಿಂದಿನಿಂದ ಬರುವ ಹಕ್ಕಿಗೆ ಮೊದಲು ಸಿಗೋದು ಅಪ್ಪನ ತಲೆ. ಊರಿಂದ ಬಂದಿರುವ ಅಜ್ಜಿ ತಾತ ಬೆಳಗ್ಗೆ ಅದೇ ದಾರಿಯಲ್ಲಿ ವಾಕಿಂಗ್ ಹೋಗುವವರಾದರೆ ಒಂದು ಕೊಡೆ ಕೊಟ್ಟು ಕಳಿಸಿ. ಆಸ್ಟ್ರೇಲಿಯಾದವರು ಹೆಲ್ಮೆಟ್‌ಗೆ ಉದ್ದುದ್ದ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಮುಳ್ಳುಹಂದಿಯ ಹಾಗೆ ಮಾಡಿಕೊಳ್ಳುತ್ತಾರೆ. ನನಗೆ ಅದರ ಮೇಲೆ ದೊಡ್ಡ ನಂಬಿಕೆ ಇಲ್ಲ, ಮಕ್ಕಳಿಗೆ ತಮಾಷೆ ಅನಿಸಿದರೆ ಕಟ್ಟಿಕೊಡಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ, ಅದು ಕಾನೂನಿಗೂ ವಿರುದ್ಧ. "ಚೆಕ್, ಚೆಕ್" ಕೇಳಿಸಿದರೆ ತಾನೇ ಮುಂದೆ ಗೂಡಿದೆ ಅಂತ ಗೊತ್ತಾಗೋದು?

ಗೀರು ಗಾಯವಾದರೆ ಸೋಪು ನೀರಿನಲ್ಲಿ ತೊಳೆಯಿರಿ. ಹಕ್ಕಿಗಳಿಂದ ರೇಬಿಸ್ ಬರುವುದಿಲ್ಲ, ಆ ಭಯ ಬೇಡ. ಗೂಡು ಕಿತ್ತು ಹಾಕುವ ಯೋಚನೆಯಂತೂ ಬೇಡವೇ ಬೇಡ. ಮೊಟ್ಟೆ, ಮರಿ ಇರುವ ಗೂಡನ್ನು ಹಾಳುಮಾಡುವುದು 1918ರ ವಲಸೆ ಹಕ್ಕಿಗಳ ಕಾಯಿದೆಯ ಪ್ರಕಾರ ಅಪರಾಧ.

ಇನ್ನು ಎಲ್ಲಿಗೆ ಹೋಗೋದು? ಮೌಂಟನ್ ವ್ಯೂನ ಸ್ಟೀವನ್ಸ್ ಕ್ರೀಕ್ ಟ್ರೇಲ್ ಪುಟ್ಟ ಮಕ್ಕಳಿಗೆ ಸುಲಭ. ಮಾಫೆಟ್ ಫೀಲ್ಡ್‌ನ ದೈತ್ಯ ಹ್ಯಾಂಗರ್ ಒನ್ ಬಲಗಡೆ ಕಾಣುತ್ತಿದ್ದ ಹಾಗೆ ಉತ್ತರಕ್ಕೆ ಹೋದರೆ ಶೋರ್‌ಲೈನ್ ಪಾರ್ಕ್, ಅಲ್ಲಿಂದ ಬೇ ಟ್ರೇಲ್ ಸೇರಬಹುದು. ಬೇ ಟ್ರೇಲ್ ಅಂದರೆ ಇಡೀ ಕೊಲ್ಲಿಯನ್ನು ಸುತ್ತಿ ಬರಲಿ ಅಂತ ಯೋಜಿಸಿರುವ 500 ಮೈಲಿಯ ದಾರಿ. ಅದರಲ್ಲಿ 350 ಮೈಲಿಗೂ ಹೆಚ್ಚು ಈಗಾಗಲೇ ಸಿದ್ಧವಾಗಿದೆ. ಆಲ್ವೀಸೋ ಕಡೆ ಹೋದರೆ ದಾರಿ ನಮ್ಮ ಕೆರೆ ಏರಿಯ ಹಾಗೇ ಇರುತ್ತೆ, ಎರಡೂ ಕಡೆ ನೀರು. ಗೋಕರ್ಣದ ಹತ್ತಿರ ಸಾಣಿಕಟ್ಟದಲ್ಲಿ ಉಪ್ಪಿನ ಆಗರ ನೋಡಿದವರಿಗೆ ಇದು ಏನು ಅಂತ ತಕ್ಷಣ ಗೊತ್ತಾಗುತ್ತೆ. ಇವೂ ಉಪ್ಪು ತೆಗೆಯುತ್ತಿದ್ದ ಮಡಿಗಳೇ. 2003ರಲ್ಲಿ ಸರ್ಕಾರ ಇಂಥ 15,100 ಎಕರೆಯನ್ನು ಕೊಂಡು ಹಕ್ಕಿ, ಮೀನುಗಳಿಗಾಗಿ ಮತ್ತೆ ಜೌಗು ಭೂಮಿ ಮಾಡಲು ಹೊರಟಿತು. ಇಲ್ಲಿ ನೆರಳು ಒಂದಿಷ್ಟೂ ಇಲ್ಲ, ನೀರಿನ ಬಾಟಲಿ ಮರೆಯಬೇಡಿ. ದಾರಿಯ ಅಂಚಿನ ಜಲ್ಲಿಯ ಮೇಲೆ ಸೈಕಲ್ ಇಳಿಸಲೂಬೇಡಿ. ಟಿಟ್ಟಿಭದ ನೆಂಟ ಕಿಲ್‌ಡಿಯರ್ ಅಲ್ಲಿ ಜಲ್ಲಿಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ ಇಟ್ಟಿರುತ್ತೆ. ಅದು ಎರಗುವ ಬದಲು ನಾಟಕ ಆಡುತ್ತೆ. ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ಒದ್ದಾಡುತ್ತಾ ನಿಮ್ಮನ್ನು ಗೂಡಿನಿಂದ ದೂರ ಕರೆದುಕೊಂಡು ಹೋಗಿ, ಆಮೇಲೆ ಪುರ್ರನೆ ಹಾರಿಹೋಗುತ್ತೆ.

ನನ್ನ ಆಯ್ಕೆ ಕೇಳಿದರೆ ಫ್ರೀಮಾಂಟ್‌ನ ಅಲಮೀಡಾ ಕ್ರೀಕ್ ಟ್ರೇಲ್. ನೈಲ್ಸ್‌ನಿಂದ ಕೊಲ್ಲಿಯವರೆಗೆ ಸುಮಾರು 12 ಮೈಲಿ. ದಕ್ಷಿಣ ದಂಡೆಯ ದಾರಿಗೆ ಟಾರು ಹಾಕಿದೆ, ಎಲ್ಲೂ ರಸ್ತೆ ದಾಟುವ ತಲೆನೋವಿಲ್ಲ, ಸೇತುವೆಗಳ ಕೆಳಗೇ ಹಾದು ಹೋಗುತ್ತೆ. (ನೈಲ್ಸ್‌ನಲ್ಲಿ 1915ರಲ್ಲಿ ಚಾರ್ಲಿ ಚಾಪ್ಲಿನ್ ಸಿನಿಮಾ ತೆಗೆದಿದ್ದರು, ಅಲ್ಲಿ ಮೂಕಿ ಚಿತ್ರಗಳ ಪುಟ್ಟ ಮ್ಯೂಸಿಯಂ ಇದೆ.) ಮಧ್ಯಾಹ್ನದ ಮೇಲೆ ಕೊಲ್ಲಿಯ ಕಡೆಯಿಂದ ಗಾಳಿ ಜೋರಾಗುತ್ತೆ, ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿ ಬೆನ್ನಿಗೆ. ದಣಿದ ಮಕ್ಕಳನ್ನು ಮನೆಗೆ ತಲುಪಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಕೊನೆಯಲ್ಲಿ ಕೊಯೋಟಿ ಹಿಲ್ಸ್ ಪಾರ್ಕ್, ಸಾವಿರಾರು ವರ್ಷ ಓಲೋನಿ ಜನ ಬದುಕಿದ ಜಾಗ. ಗುಡ್ಡದ ಕೆಳಗಿನ ಜೌಗಿನಲ್ಲಿ ಆಳೆತ್ತರದ ಜೊಂಡು. ಏಪ್ರಿಲ್‌ನಲ್ಲಿ ಪ್ರತಿ ಜೊಂಡಿನ ತುದಿಯಲ್ಲೂ ಒಬ್ಬ ಕೆಂಪುಭುಜ ಕೂತು "ಕಾಂಕ್-ಲ-ರೀ" ಅಂತ ಕೂಗುತ್ತಿರುತ್ತಾನೆ. ವಿಸಿಟರ್ ಸೆಂಟರ್ ಹತ್ತಿರ ಬೆಂಚುಗಳಿವೆ. ಅಲ್ಲಿ ಸೈಕಲ್ ನಿಲ್ಲಿಸಿ, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿನ್ನುತ್ತಾ, ಯಾವ ಗಂಡು ಎಷ್ಟು ದೂರದವರೆಗೆ ಕಾಗೆಯನ್ನು ಓಡಿಸುತ್ತಾನೆ ಅಂತ ಲೆಕ್ಕ ಹಾಕಿ ನೋಡಿ. ಹೆಲ್ಮೆಟ್ ಮಾತ್ರ ಊಟ ಮುಗಿಯೋವರೆಗೂ ತೆಗೆಯಬೇಡಿ.