ಠೇವಣಿ ಮುರಿಯುವ ಮುನ್ನ ಮನೆಯವರಿಗೆ ಒಂದು ಮಾತು ಹೇಳಿ

ಮುಂಬಯಿ: ಮಾಟುಂಗ, ಡೊಂಬಿವಲಿ, ಮೀರಾರೋಡ್ ಕಡೆಯ ಕಟ್ಟಡಗಳಲ್ಲಿ ನಿವೃತ್ತ ಕನ್ನಡಿಗ ದಂಪತಿ ಇಬ್ಬರೇ ಇರುವ ಮನೆಗಳು ಈಗ ಬಹಳ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಹೊಟೇಲಿನಲ್ಲಿ ದುಡಿದು, ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿ ಕೂಡಿಟ್ಟ ಹಣ ಬ್ಯಾಂಕಿನ ಠೇವಣಿಯಲ್ಲಿದೆ. ಸೈಬರ್ ವಂಚಕರ ಕಣ್ಣು ಬಿದ್ದಿರುವುದು ಇಂಥ ಠೇವಣಿಗಳ ಮೇಲೆಯೇ.

ವಂಚನೆ ಶುರುವಾಗುವುದು ಒಂದು ಫೋನಿನಿಂದ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ’ ಎಂದೋ, ‘ನಿಮ್ಮ ಆಧಾರ್ ಬಳಸಿ ಹವಾಲಾ ನಡೆದಿದೆ’ ಎಂದೋ ಗದರಿಸುತ್ತಾರೆ. ಬಳಿಕ ವಾಟ್ಸಾಪ್ ವೀಡಿಯೊದಲ್ಲಿ ಸಮವಸ್ತ್ರ ತೊಟ್ಟ ‘ಅಧಿಕಾರಿ’ ಪ್ರತ್ಯಕ್ಷನಾಗುತ್ತಾನೆ. ಕ್ಯಾಮರಾ ಆರಿಸಬಾರದು, ಕೋಣೆ ಬಿಡಬಾರದು, ಮಕ್ಕಳಿಗೂ ಹೇಳಬಾರದು. ಹಣವನ್ನೆಲ್ಲ ಪರಿಶೀಲನೆಗೆಂದು ‘ರಿಸರ್ವ್ ಬ್ಯಾಂಕಿನ ಖಾತೆ’ಗೆ ಹಾಕಬೇಕು. ಇದೇ ‘ಡಿಜಿಟಲ್ ಅರೆಸ್ಟ್’. ಭಾರತದ ಕಾನೂನಿನಲ್ಲಿ ಇಂಥದ್ದೊಂದು ಬಂಧನವೇ ಇಲ್ಲ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದೂ ಇಲ್ಲ.

ತಿಳಿವಳಿಕೆ ಇಲ್ಲದವರಷ್ಟೇ ಮೋಸ ಹೋಗುತ್ತಾರೆ ಎಂಬ ಮಾತು ಸರಿಯಲ್ಲ. 2024ರಲ್ಲಿ ಲೂಧಿಯಾನದ ವರ್ಧಮಾನ್ ಜವಳಿ ಸಮೂಹದ ಅಧ್ಯಕ್ಷ ಎಸ್.ಪಿ. ಓಸ್ವಾಲ್ ಅವರು 7 ಕೋಟಿ ರೂ. ಕಳೆದುಕೊಂಡರು. ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ವಂಚಕರು ಅವರಿಗೆ ವೀಡಿಯೊದಲ್ಲಿ ತೋರಿಸಿದ್ದರು. ಅವರು ನಾಚಿಕೊಂಡು ಸುಮ್ಮನಿರದೆ ಪೊಲೀಸರಿಗೆ ದೂರು ಕೊಟ್ಟರು, 5.25 ಕೋಟಿ ರೂ. ಮರಳಿ ಸಿಕ್ಕಿತು.

ಇಂಥ ಹಣ ಕೈಬಿಡುವ ಮುನ್ನ ಅನೇಕ ಸಲ ಬ್ಯಾಂಕಿನ ಕೌಂಟರನ್ನು ದಾಟಿ ಹೋಗುತ್ತದೆ. ಬಡ್ಡಿ ನಷ್ಟವಾದರೂ ಚಿಂತೆಯಿಲ್ಲವೆಂದು ಹಿರಿಯರು ಅವಧಿಗೆ ಮೊದಲೇ ಠೇವಣಿ ಮುರಿಯಲು ಬಂದಾಗ ಗುಮಾಸ್ತ ‘ಯಾಕೆ?’ ಎಂದು ಕೇಳುತ್ತಾನೆ. ‘ಫ್ಲ್ಯಾಟ್ ಖರೀದಿಗೆ’, ‘ಮದುವೆ ಖರ್ಚಿಗೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ವಂಚಕನೇ ಹೇಳಿಕೊಟ್ಟ ಪಾಠ, ಅಂಗಿಯ ಕಿಸೆಯಲ್ಲಿ ಫೋನು ಇನ್ನೂ ಚಾಲೂ ಇರುತ್ತದೆ. ‘ನನ್ನ ಹಣ, ನಿಮಗೇಕೆ?’ ಎಂದು ಸಿಡುಕುವವರೂ ಉಂಟು. ಹಿಂದೆ ಸಾಲು ಬೆಳೆದಿರುವಾಗ ಗುಮಾಸ್ತನಿಗೂ ಜಗಳ ಬೇಡ. ಆದರೆ ಆ ಒಂದು ಪ್ರಶ್ನೆಯೇ ಕೊನೆಯ ಬಾಗಿಲು. ಬಾಯಿಬಿಡಲು ಹೆದರಿಕೆಯಾದರೆ ಚೀಟಿಯ ಹಿಂಬದಿಯಲ್ಲಿ ಎರಡು ಶಬ್ದ ಗೀಚಿ ಕೊಟ್ಟರೂ ಸಾಕು, ಮ್ಯಾನೇಜರರ ಕೋಣೆಯಲ್ಲಿ ಕೂರಿಸಿ ಮನೆಯವರನ್ನು ಕರೆಸಬಹುದು.

ಹೆದರಿಸದೆಯೇ ಹಣ ದೋಚುವ ಇನ್ನೊಂದು ದಾರಿ ಮದುವೆಯ ಕರೆಯೋಲೆ! ಊರಿನ ಮದುವೆಗಳ ಕಾಗದವೆಲ್ಲ ಈಗ ವಾಟ್ಸಾಪ್‌ನಲ್ಲೇ ಬರುವುದರಿಂದ ಯಾರಿಗೂ ಸಂಶಯ ಬಾರದು. ನಿಜವಾದ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಕಡತದ ಹೆಸರು ‘ಎಪಿಕೆ’ ಎಂದು ಕೊನೆಯಾದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ಕೂರುವ ಆ್ಯಪ್. ಅನುಮತಿ ಕೊಟ್ಟರೆ ಬ್ಯಾಂಕಿನಿಂದ ಬರುವ ಓಟಿಪಿಯನ್ನು ಅದೇ ಓದಿಬಿಡುತ್ತದೆ. ತಪ್ಪಿ ಒತ್ತಿದ್ದರೆ ಕೂಡಲೇ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಬೇಕು.

ಹಣ ಹೋದದ್ದು ಗೊತ್ತಾದರೆ ಮಗ ಆಫೀಸಿನಿಂದ ಬರಲಿ, ಸೋಮವಾರ ಬ್ಯಾಂಕ್ ತೆರೆಯಲಿ ಎಂದು ಕಾಯಬಾರದು. ವಂಚಕರು ಹಣವನ್ನು ಬಾಡಿಗೆ ಖಾತೆಗಳಿಗೆ ಹಂಚಿ, ಒಂದರಿಂದ ಇನ್ನೊಂದಕ್ಕೆ ದಾಟಿಸಿ ನಗದು ಮಾಡಿಕೊಳ್ಳುತ್ತಾರೆ. 1930ಕ್ಕೆ ಕರೆ ಮಾಡಿದರೆ ಸೂಚನೆ ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತದೆ. ಹಣ ಅಲ್ಲಿದ್ದರೆ ತಡೆಹಿಡಿಯುತ್ತಾರೆ, ದಾಟಿದ್ದರೆ ಸೂಚನೆ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಹಣ ಹೋದ ದಿನ ಮತ್ತು ಎಸ್ಸೆಮ್ಮೆಸ್‌ನಲ್ಲಿರುವ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಆ ಎಸ್ಸೆಮ್ಮೆಸ್‌ಗಳನ್ನು ಮಾತ್ರ ಸಿಟ್ಟಿನಲ್ಲಿ ಅಳಿಸಬೇಡಿ.